14,000 ಕಿಲೋಮೀಟರ್ ಅಂದರೆ ಎಷ್ಟು ಗಂಟೆ?

ಮಗಳ ಬಾಣಂತನಕ್ಕೆ, ಮಗನ ಗೃಹಪ್ರವೇಶಕ್ಕೆ, ಮೊಮ್ಮಗುವನ್ನು ನೋಡುವುದಕ್ಕೆ ಎಂದು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಮೊದಲ ಸಲ ಹೊರಡುವವರು ಎರಡು ಪ್ರಶ್ನೆ ಕೇಳುತ್ತಾರೆ. ಎಷ್ಟು ದೂರ? ಎಷ್ಟು ಹೊತ್ತು? ಮೊದಲನೆಯದಕ್ಕೆ ಒಂದೇ ಉತ್ತರ: ಸುಮಾರು 14,000 ಕಿಲೋಮೀಟರ್. ಎರಡನೆಯದಕ್ಕೆ ಮಾತ್ರ ಹೋಗಿ ಬಂದವರೆಲ್ಲ ಒಂದೊಂದು ಲೆಕ್ಕ ಕೊಡುತ್ತಾರೆ. ಒಬ್ಬರು ಹದಿನಾರು ಗಂಟೆ ಅಂದರೆ ಇನ್ನೊಬ್ಬರು ಇಪ್ಪತ್ತೆರಡು ಅನ್ನುತ್ತಾರೆ. "ಮನೆ ಬಿಟ್ಟು ಮನೆ ಸೇರೋಕೆ ಒಂದೂಕಾಲು ದಿನ ಬೇಕು ಕಣ್ರೀ" ಅನ್ನುವವರೂ ಇದ್ದಾರೆ. ಟಿಕೆಟ್ ತೆಗೆದು ನೋಡಿದರೆ ಬೆಳಗಿನ ಜಾವ ಹೊರಟು ಅದೇ ದಿನ ಮಧ್ಯಾಹ್ನ ಇಳಿಯುವ ಹಾಗೆ ಬರೆದಿರುತ್ತದೆ!

ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ದೂರವನ್ನು ಭೂಮಿ ತೀರ್ಮಾನಿಸಿಬಿಟ್ಟಿದೆ, ಅದು ಇವತ್ತಿಗೂ ನಾಳೆಗೂ ಅಷ್ಟೇ. ಹೊತ್ತನ್ನು ತೀರ್ಮಾನಿಸುವವರು ಹಲವರು: ಗಾಳಿ, ದೇಶಗಳ ಜಗಳ, ನಡುವೆ ಇಳಿದು ಹತ್ತುವ ಊರು, ಎರಡು ಕಡೆಯ ಗಡಿಯಾರ. ಇವನ್ನು ಒಂದೊಂದಾಗಿ ಬಿಡಿಸಿಕೊಳ್ಳೋಣ. ಕೂಡುವುದು, ಕಳೆಯುವುದು, ತ್ರೈರಾಶಿ ಇಷ್ಟು ಬಂದರೆ ಸಾಕು.

ದಾರ ಹಿಡಿದು ಅಳೆಯಿರಿ

ಗೋಡೆಯ ಮೇಲಿನ ಪ್ರಪಂಚದ ನಕ್ಷೆಯಲ್ಲಿ ಅಮೆರಿಕ ಎಡಗಡೆ, ನಾವು ಬಲಗಡೆ. ಸ್ಕೇಲಿಟ್ಟು ಗೆರೆ ಎಳೆದರೆ ಅದು ಅರಬ್ಬೀ ಸಮುದ್ರ, ಉತ್ತರ ಆಫ್ರಿಕಾ, ಅಟ್ಲಾಂಟಿಕ್ ಸಾಗರ ದಾಟಿ, ಅಮೆರಿಕವನ್ನು ಅಡ್ಡಡ್ಡ ಸೀಳಿಕೊಂಡು ಆ ತುದಿಯ ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟುತ್ತದೆ. ಹತ್ತಿರದ ದಾರಿ ಇದೇ ಎಂದು ಕಣ್ಣು ನಂಬುತ್ತದೆ. ಆದರೆ ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವಾಗ ಎಲ್ಲೋ ಒಂದು ಕಡೆ ಎಳೆಯಲೇಬೇಕು. ಶಾಲೆಯ ನಕ್ಷೆಗಳು ಹೆಚ್ಚಾಗಿ ಎಳೆಯುವುದು ಉತ್ತರ ಮತ್ತು ದಕ್ಷಿಣದ ತುದಿಗಳನ್ನು. ಅದಕ್ಕೇ ಅಲ್ಲಿನ ಹತ್ತಿರದ ದಾರಿಗಳು ನಮಗೆ ದೂರವಾಗಿ ಕಾಣುತ್ತವೆ.

ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಕೆಳಗಿಳಿಸಿ, ಒಂದು ಹೊಲಿಗೆ ದಾರ ತೆಗೆದುಕೊಳ್ಳಿ. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲಿಟ್ಟು ಸಡಿಲ ಉಳಿಯದ ಹಾಗೆ ಬಿಗಿ ಮಾಡಿ. ದಾರ ತಾನಾಗಿ ಮೇಲಕ್ಕೆ ಜಾರುತ್ತದೆ. ನೋಡಿ, ಅದು ಹೊರಡುವುದು ಪಶ್ಚಿಮಕ್ಕಲ್ಲ, ಪೂರ್ವಕ್ಕೂ ಅಲ್ಲ. ಹೆಚ್ಚುಕಡಿಮೆ ನೇರ ಉತ್ತರಕ್ಕೆ, ಸ್ವಲ್ಪ ಬಲಕ್ಕೆ ವಾಲಿಕೊಂಡು. ನೇಪಾಳ, ಟಿಬೆಟ್, ಮಂಗೋಲಿಯಾ ದಾಟಿ ಸೈಬೀರಿಯಾ ಸೇರುತ್ತದೆ. ಅರ್ಧ ದಾರಿ ಮುಗಿಯುವುದು ಆ ಹಿಮದ ನಾಡಿನಲ್ಲೇ. ಅಲ್ಲಿಂದ ಆರ್ಕ್‌ಟಿಕ್ ಸಾಗರದ ಅಂಚು ಸವರಿಕೊಂಡು ಅಲಾಸ್ಕಾದ ಮೇಲೆ ಹಾದು ಕೆಳಗಿಳಿಯುತ್ತದೆ.

ಈಗ ದಾರವನ್ನು ಸ್ಕೇಲಿನ ಮೇಲಿಡಿ. ಗ್ಲೋಬಿನ ಅಡ್ಡಳತೆ 30 ಸೆಂಟಿಮೀಟರ್ ಆಗಿದ್ದರೆ ದಾರ ಸುಮಾರು 33 ಸೆಂಟಿಮೀಟರ್ ಬರಬೇಕು. ಆ ಗ್ಲೋಬಿನ ಸುತ್ತಳತೆ 94 ಸೆಂಟಿಮೀಟರ್. ಭೂಮಿಯ ಸುತ್ತಳತೆ 40,000 ಕಿಲೋಮೀಟರ್. 94ಕ್ಕೆ 40,000 ಆದರೆ 33ಕ್ಕೆ ಎಷ್ಟು? 14,000ದ ಆಸುಪಾಸಿನಲ್ಲಿ ಬಂದು ನಿಲ್ಲುತ್ತೀರಿ. ಹೀಗೆ ಬಿಗಿದ ದಾರ ಹಿಡಿಯುವ ದಾರಿಗೆ ಭೂಗೋಳದಲ್ಲಿ ಮಹಾವೃತ್ತದ ದಾರಿ ಎನ್ನುತ್ತಾರೆ. ಎರಡು ಊರುಗಳ ನಡುವಿನ "ವಿಮಾನ ದೂರ" ಎಂದು ಎಲ್ಲೇ ಓದಿದರೂ ಅದು ಸಾಮಾನ್ಯವಾಗಿ ಈ ದಾರದ ಅಳತೆಯೇ.

ಇನ್ನೊಂದು ಮಾತು ನೆನಪಿಡಿ. ಸುತ್ತಳತೆ 40,000 ಇದ್ದ ಮೇಲೆ ಭೂಮಿಯ ಯಾವ ಎರಡು ಊರುಗಳೂ ಅದರ ಅರ್ಧಕ್ಕಿಂತ, ಅಂದರೆ ಸುಮಾರು 20,000 ಕಿಲೋಮೀಟರಿಗಿಂತ ದೂರ ಇರಲಾರವು. ಬೆಂಗಳೂರಿಗೆ ಸ್ಯಾನ್ ಫ್ರಾನ್ಸಿಸ್ಕೊ ಆ ಗರಿಷ್ಠದ ನೂರಕ್ಕೆ ಎಪ್ಪತ್ತು ಪಾಲು ದೂರ. ದಿನನಿತ್ಯ ಹಾರುವ ವಿಮಾನಗಳಲ್ಲಿ ಅತಿ ದೂರದ್ದೆಂದು ಹೆಸರಾದ ಸಿಂಗಾಪುರ–ನ್ಯೂಯಾರ್ಕ್ ದಾರಿಯೂ 15,300 ಕಿಲೋಮೀಟರ್ ಅಷ್ಟೇ. ನಮ್ಮವರು ಹೋಗುವ ದೂರ ಅದಕ್ಕೆ ತುಂಬ ಕಡಿಮೆಯೇನಲ್ಲ.

ವಿಮಾನ ದಾರದ ಮೇಲೆ ಹೋಗುವುದಿಲ್ಲ

ದಾರ ಟಿಬೆಟ್ ಮೇಲೆ ಹೋಯಿತು. ವಿಮಾನ ಸಾಮಾನ್ಯವಾಗಿ ಹೋಗುವುದಿಲ್ಲ. ಹಿಮಾಲಯವನ್ನು ದಾಟುವಷ್ಟು ಎತ್ತರ ಅದು ಹಾರಲಾರದೆಂದಲ್ಲ. 10,000 ಮೀಟರ್ ಮೇಲೆ ಹಾರುವುದು ಅದಕ್ಕೆ ನಿತ್ಯದ ಕೆಲಸ. ತೊಂದರೆ ಇರುವುದು ಕೆಳಗಿಳಿಯಬೇಕಾಗಿ ಬಂದಾಗ. ಒಳಗಿನ ಗಾಳಿಯ ಒತ್ತಡ ಹಠಾತ್ತನೆ ಕುಸಿದರೆ ಪೈಲಟ್ ವಿಮಾನವನ್ನು ಬೇಗನೆ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಸಬೇಕು. ಪ್ರಯಾಣಿಕರ ತಲೆ ಮೇಲಿನಿಂದ ಇಳಿಬೀಳುವ ಮಾಸ್ಕಿನಲ್ಲಿ ಆಮ್ಲಜನಕ ಇರುವುದು ಹತ್ತು ಹದಿನೈದು ನಿಮಿಷಕ್ಕೆ ಸಾಕಾಗುವಷ್ಟು ಮಾತ್ರ. ಟಿಬೆಟ್‌ನಲ್ಲಿ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ! ಇಳಿಯುವುದೆಲ್ಲಿಗೆ?

ಎರಡನೆಯ ಅಡ್ಡಿ ರಾಜಕೀಯದ್ದು. ಪ್ರತಿ ದೇಶಕ್ಕೂ ತನ್ನ ಆಕಾಶದ ಮೇಲೆ ಹಕ್ಕಿದೆ. ಬಾಗಿಲು ಹಾಕಿದರೆ ಸುತ್ತಿಕೊಂಡು ಹೋಗಬೇಕು. ಪಾಕಿಸ್ತಾನ 2019ರಲ್ಲಿ ಹಲವು ತಿಂಗಳು ತನ್ನ ಆಕಾಶ ಮುಚ್ಚಿತ್ತು. 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿತು. ಯುಕ್ರೇನ್ ಯುದ್ಧ ಶುರುವಾದ 2022ರಿಂದ ಅಮೆರಿಕ, ಯೂರೋಪಿನ ಕಂಪನಿಗಳಿಗೆ ರಷ್ಯಾದ ಆಕಾಶ ಇಲ್ಲ, ಭಾರತದ ಕಂಪನಿಗಳಿಗೆ ಇದೆ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನವೊಂದು ಎಂಜಿನ್ ತೊಂದರೆಯಿಂದ ರಷ್ಯಾದ ದೂರಪೂರ್ವದ ಮಗದಾನ್ ಎಂಬ ಊರಿನಲ್ಲಿ ಇಳಿಯಿತು. ಆ ಸುದ್ದಿ ಓದಿದ ಹಲವರು "ಅಮೆರಿಕಕ್ಕೆ ಹೋಗುವವರು ರಷ್ಯಾಕ್ಕೆ ಯಾಕೆ ಹೋದರು" ಎಂದು ಕೇಳಿದ್ದುಂಟು. ಈಗ ದಾರ ಎಳೆದು ನೋಡಿದ ನಿಮಗೆ ಆ ಪ್ರಶ್ನೆ ಏಳುವುದಿಲ್ಲ.

900ರಿಂದ ಭಾಗಿಸಿ, ಮೇಲೆ ಮುಕ್ಕಾಲು ಗಂಟೆ ಹಾಕಿ

ದೊಡ್ಡ ಜೆಟ್ ವಿಮಾನ ಮೇಲಿನ ಆಕಾಶದಲ್ಲಿ ಗಂಟೆಗೆ ಸುಮಾರು 900 ಕಿಲೋಮೀಟರ್ ಓಡುತ್ತದೆ. 14,000ವನ್ನು 900ರಿಂದ ಭಾಗಿಸಿದರೆ ಹದಿನೈದೂವರೆ ಗಂಟೆ. ಇದು ಮೊದಲ ಅಂದಾಜು, ಇಷ್ಟಕ್ಕೇ ನಿಲ್ಲಿಸಬಾರದು.

ಹತ್ತಿರದ ಉದಾಹರಣೆ ತೆಗೆದುಕೊಳ್ಳಿ. ಬೆಂಗಳೂರಿನಿಂದ ದೆಹಲಿ ಸುಮಾರು 1,700 ಕಿಲೋಮೀಟರ್. ಲೆಕ್ಕದ ಪ್ರಕಾರ ಎರಡು ಗಂಟೆಯೂ ಬೇಡ. ಟಿಕೆಟಿನಲ್ಲಿ ಎರಡೂಮುಕ್ಕಾಲು ಗಂಟೆಯ ಸುಮಾರಿಗೆ ಇರುತ್ತದೆ. ಹೆಚ್ಚಿನದು ಎಲ್ಲಿಂದ ಬಂತು? ಟಿಕೆಟಿನ ಸಮಯ ಎಂದರೆ ಗಾಳಿಯಲ್ಲಿದ್ದ ಸಮಯವಲ್ಲ. ಇಲ್ಲಿನ ಗೇಟು ಬಿಟ್ಟು ವಿಮಾನ ಹಿಂದಕ್ಕೆ ಸರಿದ ಕ್ಷಣದಿಂದ ಅಲ್ಲಿನ ಗೇಟಿಗೆ ಬಂದು ನಿಲ್ಲುವ ತನಕದ ಸಮಯ. ರನ್‌ವೇ ತನಕ ಉರುಳಿಕೊಂಡು ಹೋಗುವುದು, ಸರದಿ ಕಾಯುವುದು, ನಿಧಾನವಾಗಿ ಏರುವುದು, ಇಳಿಯುವ ಮುನ್ನ ಊರಿನ ಸುತ್ತ ಹಾಕುವ ಒಂದೆರಡು ಸುತ್ತು ಎಲ್ಲವೂ ಅದರಲ್ಲಿ ಸೇರಿವೆ. ದೆಹಲಿಗಾದರೂ ಸ್ಯಾನ್ ಫ್ರಾನ್ಸಿಸ್ಕೊಗಾದರೂ ಇದಕ್ಕೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ. ಹಾಗಾಗಿ ಯಾವ ಎರಡು ಊರಿಗಾದರೂ ಈ ಸೂತ್ರ ಇಟ್ಟುಕೊಳ್ಳಿ: ದೂರವನ್ನು 900ರಿಂದ ಭಾಗಿಸಿ, ಮೇಲೆ ಮುಕ್ಕಾಲು ಗಂಟೆ ಸೇರಿಸಿ. ನಮ್ಮ ಲೆಕ್ಕ ಈಗ ಹದಿನಾರು ಗಂಟೆ ದಾಟಿತು.

ಗಾಳಿಯ ಪಾಲು

ಸುಮಾರು 9ರಿಂದ 12 ಕಿಲೋಮೀಟರ್ ಎತ್ತರದಲ್ಲಿ, ವಿಮಾನಗಳು ಹಾರುವ ಮಟ್ಟದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಒಂದು ರಭಸದ ಗಾಳಿ ಭೂಮಿಯನ್ನು ಸುತ್ತುತ್ತಿರುತ್ತದೆ. ಇದಕ್ಕೆ ಜೆಟ್ ಸ್ಟ್ರೀಮ್ ಎನ್ನುತ್ತಾರೆ. 1920ರ ದಶಕದಲ್ಲಿ ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ ಬಲೂನುಗಳನ್ನು ಹಾರಿಬಿಟ್ಟು ಇದನ್ನು ಅಳೆದಿದ್ದರು. ಚಳಿಗಾಲದಲ್ಲಿ ಇದರ ಬಲ ಹೆಚ್ಚು. ಗಂಟೆಗೆ 150–200 ಕಿಲೋಮೀಟರ್ ವೇಗ ಅಪರೂಪವೇನಲ್ಲ.

ತುಂಬಿದ ಹೊಳೆಯಲ್ಲಿ ದೋಣಿ ಸೆಳವಿನ ಜೊತೆ ಹೋದರೆ ಒಂದು ವೇಗ, ಸೆಳವಿಗೆ ಎದುರಾಗಿ ಹೋದರೆ ಇನ್ನೊಂದು. ಹುಟ್ಟು ಹಾಕುವವನ ತೋಳು ಅದೇ. ಗಾಳಿಯಲ್ಲೂ ಹಾಗೆಯೇ. 900ರ ವಿಮಾನಕ್ಕೆ ಹಿಂದಿನಿಂದ 150ರ ಗಾಳಿ ಸಿಕ್ಕರೆ ನೆಲದ ಲೆಕ್ಕದಲ್ಲಿ ಅದು 1,050 ಓಡಿದಂತೆ, ಎದುರಿನಿಂದ ಬಂದರೆ 750 ಮಾತ್ರ. 2020ರ ಫೆಬ್ರವರಿಯಲ್ಲಿ ಸಿಯಾರಾ ಬಿರುಗಾಳಿಯ ಸಮಯದಲ್ಲಿ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ ಐದು ಗಂಟೆಗೂ ಒಳಗೆ ಬಂದಿಳಿಯಿತು. ಗಾಳಿ ಹಿಂದಿನಿಂದ ಅಷ್ಟು ಜೋರಾಗಿ ನೂಕಿತ್ತು.

ನಮಗೆ ಇನ್ನೂ ಹತ್ತಿರದ ಸಾಕ್ಷಿ ಇದೆ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಏರ್ ಇಂಡಿಯಾ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು, ಗಾಳಿಗೆ ಎದುರಾಗಿ. 2016ರ ಅಕ್ಟೋಬರ್‌ನಲ್ಲಿ ದಿಕ್ಕು ಬದಲಿಸಿ ಪೂರ್ವಕ್ಕೆ, ಪೆಸಿಫಿಕ್ ಸಾಗರದ ಮೇಲೆ ಹೋಯಿತು. ದಾರಿ ಸುಮಾರು 1,400 ಕಿಲೋಮೀಟರ್ ಉದ್ದವಾಗಿ 15,300ಕ್ಕೆ ಏರಿತು. ಹೊತ್ತು? ಹದಿನಾಲ್ಕೂವರೆ ಗಂಟೆಗೆ ಇಳಿಯಿತು, ಹೆಚ್ಚುಕಡಿಮೆ ಎರಡು ಗಂಟೆ ಉಳಿತಾಯ. ದೂರ ಹೆಚ್ಚಾದರೆ ಹೊತ್ತೂ ಹೆಚ್ಚುತ್ತದೆ ಎಂಬ ನಮ್ಮ ರೂಢಿಯ ನಂಬಿಕೆ ಈ ದಾರಿಯಲ್ಲಿ ಉಲ್ಟಾ ಆಗುತ್ತದೆ.

ಇಲ್ಲಿ ಚುರುಕಾದ ವಿದ್ಯಾರ್ಥಿಯೊಬ್ಬ ಕೈ ಎತ್ತುತ್ತಾನೆ: "ಭೂಮಿ ಪೂರ್ವಕ್ಕೆ ತಿರುಗುತ್ತದಲ್ಲ, ಪಶ್ಚಿಮಕ್ಕೆ ಹಾರಿದರೆ ಊರೇ ಎದುರಿಗೆ ಬಂದುಬಿಡಬೇಕಲ್ಲವೇ?" ಒಳ್ಳೆಯ ಪ್ರಶ್ನೆ. ಭೂಮಿಯ ಜೊತೆಗೆ ಅದರ ಮೇಲಿನ ಗಾಳಿಯೂ ತಿರುಗುತ್ತದೆ, ಆ ಗಾಳಿಯಲ್ಲಿ ಹಾರುವ ವಿಮಾನವೂ ತಿರುಗುತ್ತದೆ. ಹಾಗಿಲ್ಲದಿದ್ದರೆ ಅಂಗಳದಲ್ಲಿ ಮೇಲಕ್ಕೆ ಎಸೆದ ಚೆಂಡು ಪಕ್ಕದ ಊರಿನಲ್ಲಿ ಬೀಳುತ್ತಿತ್ತು!

ಗಡಿಯಾರದ ಗೊಂದಲ

ಹೊಸಬರನ್ನು ಹೆಚ್ಚು ಕಾಡುವುದು ಇದೇ. ಟಿಕೆಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ಎರಡನ್ನೂ ಹಾಗೇ ಕಳೆಯುವುದು ರೂಪಾಯಿಯಿಂದ ಡಾಲರ್ ಕಳೆದಂತಾಗುತ್ತದೆ. ಮೊದಲು ಎರಡನ್ನೂ ನಮ್ಮ ಭಾರತದ ಸಮಯಕ್ಕೆ ತನ್ನಿ, ಆಮೇಲೆ ಕಳೆಯಿರಿ.

ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ. ಅಮೆರಿಕದಲ್ಲಿ ಮಾರ್ಚ್‌ನ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ. ನಮ್ಮಲ್ಲಿ ಆ ಪದ್ಧತಿ ಇಲ್ಲ.

ಒಂದು ನಿಜವಾದ ಪ್ರಯಾಣದಿಂದ ಅಭ್ಯಾಸ ಮಾಡೋಣ. ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಹಾರಿದ್ದು 2021ರ ಜನವರಿ 9ರಂದು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಮಹಿಳೆಯರೇ ಇದ್ದ ಪೈಲಟ್ ತಂಡ ಉತ್ತರ ಧ್ರುವದ ದಾರಿ ಹಿಡಿದು ಏರ್ ಇಂಡಿಯಾದ ಬೋಯಿಂಗ್ 777 ವಿಮಾನವನ್ನು ತಂದಿತು. ಹೊರಟಿದ್ದು ಅಲ್ಲಿನ ಶನಿವಾರ ರಾತ್ರಿ ಎಂಟೂವರೆಯ ಸುಮಾರಿಗೆ. ಬೆಂಗಳೂರಿನಲ್ಲಿ ಇಳಿದಿದ್ದು ಸೋಮವಾರ ನಸುಕಿನಲ್ಲಿ, ಗಡಿಯಾರ ಮೂರು ದಾಟಿದ ಮೇಲೆ. ಭಾನುವಾರ ಎಲ್ಲಿ ಹೋಯಿತು? ಶನಿವಾರ ರಾತ್ರಿ ಎಂಟೂವರೆಗೆ ಹದಿಮೂರೂವರೆ ಸೇರಿಸಿ: ಬೆಂಗಳೂರಿನಲ್ಲಿ ಆಗ ಭಾನುವಾರ ಬೆಳಿಗ್ಗೆ ಹತ್ತು. ಅಲ್ಲಿಂದ ನಸುಕಿನ ಮೂರಕ್ಕೆ ಹದಿನೇಳು ಗಂಟೆ. ಭಾನುವಾರದ ಹೆಚ್ಚಿನ ಪಾಲು ಆಕಾಶದಲ್ಲೇ ಕಳೆಯಿತು, ಅಷ್ಟೇ.

ಈಗ ನಡುವೆ ಇಳಿದು ಹತ್ತುವ ಟಿಕೆಟ್ ಒಂದನ್ನು ಬಿಡಿಸೋಣ. ಚಳಿಗಾಲ ಅಂದುಕೊಳ್ಳಿ. ಬೆಂಗಳೂರು ಬೆಳಗಿನ ಜಾವ 4:30, ದುಬೈ 7:00. ದುಬೈ 8:30, ಸ್ಯಾನ್ ಫ್ರಾನ್ಸಿಸ್ಕೊ ಅದೇ ದಿನ ಮಧ್ಯಾಹ್ನ 12:30. ಮೇಲ್ನೋಟಕ್ಕೆ ಎಂಟೇ ಗಂಟೆ. ಕೊನೆಯ 12:30ಕ್ಕೆ ಹದಿಮೂರೂವರೆ ಸೇರಿಸಿದರೆ ಬೆಂಗಳೂರಿನಲ್ಲಿ ಮರುದಿನ ರಾತ್ರಿ 2:00. ಜಾವದ 4:30ರಿಂದ ಅಲ್ಲಿಗೆ ಇಪ್ಪತ್ತೊಂದೂವರೆ ಗಂಟೆ. ಬಿಡಿಬಿಡಿಯಾಗಿಯೂ ನೋಡಿ: ದುಬೈಗೆ ನಾಲ್ಕು (ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ), ಅಲ್ಲಿ ಕಾಯುವುದು ಒಂದೂವರೆ, ಮುಂದೆ ಹದಿನಾರು. ಎರಡು ದಾರಿಯಲ್ಲೂ ಉತ್ತರ ಒಂದೇ ಬಂದರೆ ಲೆಕ್ಕ ಸರಿ. ಕೆಲವು ಟಿಕೆಟ್‌ಗಳಲ್ಲಿ ತಲುಪುವ ಹೊತ್ತಿನ ಪಕ್ಕ ಚಿಕ್ಕದಾಗಿ +1 ಎಂದು ಇರುತ್ತದೆ. ಮರುದಿನ ಇಳಿಯುತ್ತೀರಿ ಎಂದು ಅರ್ಥ. ಕರೆದೊಯ್ಯಲು ಬರುವವರಿಗೆ ತಾರೀಖು ಹೇಳುವಾಗ ಅದನ್ನು ನೋಡಿಕೊಂಡೇ ಹೇಳಿ.

ನಡುವೆ ಎಲ್ಲಿ ಇಳಿಯುವುದು?

ನೇರ ವಿಮಾನಗಳು ಕೆಲವು ಕಾಲ ಇರುತ್ತವೆ, ಕೆಲವು ಕಾಲ ಇರುವುದಿಲ್ಲ. ಟಿಕೆಟ್ ತೆಗೆಯುವ ಮೊದಲು ಆಗಿನ ಸ್ಥಿತಿ ವಿಚಾರಿಸಿ. ಹೆಚ್ಚಿನವರು ಒಂದು ಕಡೆ ಇಳಿದು ಹತ್ತಿಯೇ ಹೋಗುತ್ತಾರೆ. ಯಾವ ದಾರಿ ಎಷ್ಟು ಸುತ್ತು? ದುಬೈ ಮೂಲಕ 2,700 ಮತ್ತು 13,000, ಒಟ್ಟು 15,700 ಕಿಲೋಮೀಟರ್. ಫ್ರಾಂಕ್‌ಫರ್ಟ್ ಮೂಲಕ 7,400 ಮತ್ತು 9,150, ಒಟ್ಟು 16,550. ಟೋಕಿಯೊ ಮೂಲಕ 6,700 ಮತ್ತು 8,200, ಒಟ್ಟು 14,900 ಮಾತ್ರ. ದುಬೈ, ಫ್ರಾಂಕ್‌ಫರ್ಟ್ ಪಶ್ಚಿಮಕ್ಕೆ, ಟೋಕಿಯೊ ಪೂರ್ವಕ್ಕೆ. ಆದರೂ ಎರಡೂ ಕಡೆಯಿಂದ ಹೋಗಬಹುದು. ಸ್ಯಾನ್ ಫ್ರಾನ್ಸಿಸ್ಕೊ ನಮಗೆ ಭೂಮಿಯ ಆಚೆ ಬದಿಯಲ್ಲಿರುವುದೇ ಇದಕ್ಕೆ ಕಾರಣ.

ಆದರೆ ಸುತ್ತಿನ ಸಾವಿರ ಕಿಲೋಮೀಟರಿಗೆ ಹೆದರಬೇಡಿ. ಅದಕ್ಕೆ ಹಿಡಿಯುವುದು ಒಂದು ಗಂಟೆ ಚಿಲ್ಲರೆ. ಹೊತ್ತನ್ನು ನಿಜವಾಗಿ ನುಂಗುವುದು ನಡುವಿನ ಕಾಯುವಿಕೆ. ತೀರ ಹೆಚ್ಚಿದ್ದರೆ ಬೆಂಚಿನ ಮೇಲೆ ರಾತ್ರಿ ಕಳೆಯಬೇಕು. ತೀರ ಕಡಿಮೆಯಿದ್ದರೆ ಮೊದಲ ವಿಮಾನ ಸ್ವಲ್ಪ ತಡವಾದರೂ ಎರಡನೆಯದು ಕೈತಪ್ಪುತ್ತದೆ. ದೊಡ್ಡ ನಿಲ್ದಾಣಗಳಲ್ಲಿ ಮತ್ತೊಮ್ಮೆ ಸೆಕ್ಯುರಿಟಿ ಇರಬಹುದು, ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಪುಟ್ಟ ರೈಲಿನಲ್ಲಿ ಹೋಗಬೇಕಾಗಬಹುದು. ಮೇಲಿನ ಉದಾಹರಣೆಯ ಒಂದೂವರೆ ಗಂಟೆ ಲೆಕ್ಕಕ್ಕೆ ಚೆನ್ನ, ಮೊದಲ ಸಲ ಹೋಗುವ ಹಿರಿಯರಿಗೆ ಸಾಲದು. ಎರಡೂವರೆಯಿಂದ ನಾಲ್ಕು ಗಂಟೆ ಇರುವುದನ್ನು ಆರಿಸಿದರೆ ಕಾಲಿಗೂ ಮನಸ್ಸಿಗೂ ನೆಮ್ಮದಿ. ಎರಡೂ ವಿಮಾನಗಳು ಒಂದೇ ಟಿಕೆಟಿನಲ್ಲಿ ಇರಲಿ. ಆಗ ಸಂಪರ್ಕ ತಪ್ಪಿದರೆ ಮುಂದಿನ ವಿಮಾನದಲ್ಲಿ ಕಳಿಸುವ ಹೊಣೆ ಕಂಪನಿಯದು.

ಅಮೆರಿಕದೊಳಗೆ ಇನ್ನೊಂದು ವಿಮಾನ ಹಿಡಿಯುವವರು ಗಮನಿಸಿ: ಇಮಿಗ್ರೇಷನ್ ಹೆಚ್ಚಾಗಿ ನಡೆಯುವುದು ಮೊದಲು ಇಳಿದ ಅಮೆರಿಕದ ಊರಿನಲ್ಲಿ. ಸಾಮಾನ್ಯವಾಗಿ ಸೂಟ್‌ಕೇಸನ್ನೂ ಅಲ್ಲೇ ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಬೇಕು. ಅಲ್ಲಿ ಕಾಯುವ ಹೊತ್ತು ಧಾರಾಳವಾಗಿ ಇರಬೇಕು.

ಮನೆಯಿಂದ ಮನೆಗೆ

ಇನ್ನು ಉಳಿದಿದ್ದು ಎರಡು ತುದಿಗಳು. ಅಂತಾರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮೊದಲೇ ನಿಲ್ದಾಣದಲ್ಲಿ ಇರಬೇಕು. ಜಯನಗರದಿಂದ ದೇವನಹಳ್ಳಿಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಮೈಸೂರಿನವರಾದರೆ ನಾಲ್ಕೈದು ಗಂಟೆ. ಆ ಕಡೆ ಇಮಿಗ್ರೇಷನ್ ಸಾಲು, ಲಗೇಜು, ಮನೆಯವರೆಗಿನ ಕಾರು ಸೇರಿ ಎರಡೂವರೆ ಮೂರು ಗಂಟೆ. ದುಬೈ ದಾರಿಯ ಇಪ್ಪತ್ತೊಂದೂವರೆಗೆ ಇವನ್ನೆಲ್ಲ ಕೂಡಿಸಿದರೆ ಜಯನಗರದವರಿಗೆ ಇಪ್ಪತ್ತೆಂಟರಿಂದ ಮೂವತ್ತು ಗಂಟೆ. "ಒಂದೂಕಾಲು ದಿನ" ಎಂದವರ ಮಾತು ನಿಜವಾಯಿತು ನೋಡಿ.

ಅಷ್ಟು ಹೊತ್ತು ಕೂರುವವರು ಗಂಟೆ ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಿ, ನೀರು ಕುಡಿಯುತ್ತಿರಿ. ಮಾತ್ರೆ ತೆಗೆದುಕೊಳ್ಳುವವರು ಯಾವ ಊರಿನ ಗಡಿಯಾರ ನೋಡಿ ತೆಗೆದುಕೊಳ್ಳಬೇಕೆಂದು ಹೊರಡುವ ಮೊದಲೇ ಡಾಕ್ಟರನ್ನು ಕೇಳಿಕೊಳ್ಳಿ. ಮಾತ್ರೆಗಳು ಕೈಚೀಲದಲ್ಲೇ ಇರಲಿ. ಇಳಿದ ಮೇಲೆ ಕೆಲವು ದಿನ ರಾತ್ರಿ ಎರಡಕ್ಕೆ ಹಸಿವು, ಮಧ್ಯಾಹ್ನ ಮೂರಕ್ಕೆ ಜೊಂಪು. ಹಗಲು ಬಿಸಿಲಿನಲ್ಲಿ ಅಡ್ಡಾಡಿದರೆ ಬೇಗ ಸರಿಹೋಗುತ್ತದೆ.

ಕೊನೆಗೆ ಒಂದು ಮನೆಲೆಕ್ಕ. ಬೆಂಗಳೂರಿನಿಂದ ಲಂಡನ್ ಸುಮಾರು 8,000 ಕಿಲೋಮೀಟರ್. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ. ಬೆಳಿಗ್ಗೆ 7:00ಕ್ಕೆ ಬೆಂಗಳೂರು ಬಿಟ್ಟ ವಿಮಾನ ಅಲ್ಲಿ ಮಧ್ಯಾಹ್ನ 12:30ಕ್ಕೆ ಇಳಿಯುತ್ತದೆ. ಅಲ್ಲಿಂದ ಮಧ್ಯಾಹ್ನ 2:00ಕ್ಕೆ ಹೊರಟದ್ದು ಇಲ್ಲಿ ಮರುದಿನ ಬೆಳಿಗ್ಗೆ 5:30ಕ್ಕೆ ಬರುತ್ತದೆ ಅಂದುಕೊಳ್ಳಿ. ಹೋಗುವುದಕ್ಕೆ ಎಷ್ಟು, ಬರುವುದಕ್ಕೆ ಎಷ್ಟು? ಹನ್ನೊಂದು ಮತ್ತು ಹತ್ತು ಗಂಟೆ ಬಂದರೆ ಗಡಿಯಾರದ ಪಾಠ ಕೈವಶವಾಯಿತು. ಆ ಒಂದು ಗಂಟೆಯ ವ್ಯತ್ಯಾಸ ಎಲ್ಲಿಂದ ಬಂತೆಂದು ಪಕ್ಕದಲ್ಲಿ ಕುಳಿತವರು ಕೇಳಿದರೆ ನೀವೇ ಹೇಳಿಕೊಡಬಹುದು.